ನೀರು ಯಾರದು ಎಂದು ಕೇಳಿದಳು

ಪಕ್ಕದ ಮನೆಯ ಚಿಲಿ ದೇಶದ ದಂಪತಿ ನಾವಿದ್ದ ಡಚ್ ಊರು ಡೀಮೆನ್‌ನ ರೈಲು ಸ್ಟೇಷನ್ನಿನ ಬೆಂಚಿನ ಮೇಲೆ ವಾದ ಮಾಡುತ್ತಿದ್ದರು. ನಾವೆಲ್ಲ ಮಾಸ್ಕ್ ಬಿಟ್ಟು ಕೆಲವೇ ತಿಂಗಳಾಗಿತ್ತು. ತಮ್ಮ ದೇಶದ ಹೊಸ ಸಂವಿಧಾನ ಬೇಕೋ ಬೇಡವೋ ಎಂದು ಮತ ಹಾಕಲು ಇಬ್ಬರೂ ಹೇಗ್ ನಗರಕ್ಕೆ ಹೊರಟಿದ್ದರು. ಅವಳದು ಬೇಕು, ಅವನದು ಬೇಡ. ಮಧ್ಯೆ ಒಂದೇ ಕರಡು ಪ್ರತಿ, ಅಂಚಿನ ತುಂಬ ಇಬ್ಬರ ಪೆನ್ಸಿಲ್ ಗೀಟು.

“ಒಬ್ಬರ ವೋಟು ಇನ್ನೊಬ್ಬರದನ್ನ ಹೊಡೆದುಹಾಕುತ್ತೆ. ಮನೇಲೇ ಇರಬಹುದಿತ್ತಲ್ಲ?” ಎಂದು ತಮಾಷೆ ಮಾಡಿದೆ.

ಅವಳು ನಗಲಿಲ್ಲ. ನೀರಿನ ಹಕ್ಕಿನ ಪುಟ ತೆರೆದು ತೋರಿಸಿದಳು. “ನಮ್ಮ ಜಗಳ ಇದರದ್ದೇ. ನಿಮ್ಮ ಸಂವಿಧಾನದಲ್ಲಿ ನೀರು ಯಾರದು ಅಂತ ಬರೆದಿದೆ?”

ನಾನು ಮಂಡ್ಯದವನು. ಕಾವೇರಿಗಾಗಿ ಹೆದ್ದಾರಿಯಲ್ಲಿ ಕೂತವನು, ಪೊಲೀಸ್ ವ್ಯಾನು ಹತ್ತಿದವನು. ಏನು ಬರೆದಿದೆ ಅಂತ ಮಾತ್ರ ಒಮ್ಮೆಯೂ ತೆರೆದು ನೋಡಿರಲಿಲ್ಲ.