ಹೊರಸಿನ ಮೇಲೆ ಒಂಬತ್ತು ಕಿಲೋಮೀಟರ್

ಇದನ್ನು ನಂಬುವವರು ಈಗಲೇ ಪುಟ ಮಗುಚಿ ಮುಂದೆ ಹೋಗಬಹುದು. ನಂಬುವವರಿಗೆ ಹೇಳುವುದರಲ್ಲಿ ನನಗೆ ಸುಖವಿಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನನ್ನ ಮಾತು ನಂಬುವವರು ಯಾರೂ ಉಳಿದಿಲ್ಲ. ಹೊರಗೆ ಮಳೆ ಬರುತ್ತಿದೆ ಅಂತ ನಾನು ಹೇಳಿದರೆ ನನ್ನ ಹೆಂಡತಿ ಮೊದಲು ಕಿಟಕಿಯಿಂದ ಕೈ ಚಾಚಿ ನೋಡುತ್ತಾಳೆ. ನಿಮಗೂ ಅದೇ ಸವಾಲು. ಕೊನೆಯತನಕ ಓದಿ, ಆಮೇಲೆ ಸುಳ್ಳು ಅನ್ನಿ.

ನಾವು ನಾಲ್ವರು ವಾಯುಪಡೆಯಿಂದ ನಿವೃತ್ತರಾದವರು. ವಿಮಾನ ಹಾರಿಸಿದವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ಮೇಲಕ್ಕೆ ಕಳಿಸಿ, ಹೋದಮೇಲೆ ಚಹಾ ಕುಡಿಯುವುದು ನಮ್ಮ ಕೆಲಸವಾಗಿತ್ತು. ಕಿತ್ತೂರಿನವನು ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ. ಸವದತ್ತಿಯವನು ಅಡುಗೆಮನೆಯಲ್ಲಿದ್ದ. ರಾಮದುರ್ಗದವನು ಬೆಂಕಿ ಆರಿಸುವ ಗಾಡಿ ಓಡಿಸುತ್ತಿದ್ದ, ಮಾತಾಡುತ್ತಿರಲಿಲ್ಲ. ನಾನು ಸ್ಟೋರಿನಲ್ಲಿದ್ದೆ. ನನ್ನ ಸಹಿಯಿಲ್ಲದೆ ಒಂದು ನಟ್ಟು ಕೂಡ ಆಕಾಶಕ್ಕೆ ಹೋಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಸಂಕೋಚದಿಂದಲೇ ತಿಳಿಸುತ್ತೇನೆ. ಬ್ಯಾರಕ್‌ನಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ. ಊರಿನ ಹೆಸರೇ ಹೆಸರು. ಈಗಲೂ ಹಾಗೆಯೇ ಕರೆದುಕೊಳ್ಳುತ್ತೇವೆ.

ಡ್ಯೂಟಿ ಮುಗಿದ ಮೇಲೆ ಬ್ಯಾರಕ್‌ನಲ್ಲಿ ನಮಗೊಂದು ಆಟವಿತ್ತು. ಮಧ್ಯಾಹ್ನ ಉಂಡು ಮಲಗಿದವನನ್ನು ಮಂಚದ ಸಮೇತ ಎತ್ತಿಕೊಂಡು ಹೋಗಿ ಬೇರೆ ಕಡೆ ಇಟ್ಟು ಬರುವುದು. ಅವನು ಎಚ್ಚರಾಗಬಾರದು. ನಡುದಾರಿಯಲ್ಲಿ ಎಚ್ಚರಾದರೆ ಹೊತ್ತವರು ಒಂದು ವಾರ ಅವನ ಬೂಟು ತಿಕ್ಕಬೇಕು. ಇದು ದಡ್ಡರ ಆಟವಲ್ಲ. ಹೊರುವವರು ಒಂದೇ ಹೆಜ್ಜೆಯಲ್ಲಿ ನಡೆಯಬಾರದು, ನಡೆದರೆ ಮಂಚ ತೂಗುತ್ತದೆ. ಕಾಲಿನ ಕಡೆ ಮುಂದಿರಬೇಕು. ಎಲ್ಲಕ್ಕಿಂತ ದೊಡ್ಡ ಮಾತು ಸದ್ದು. ನಮ್ಮ ಬ್ಯಾರಕ್ ಎಂಜಿನ್ ಪರೀಕ್ಷೆ ಮಾಡುವ ಜಾಗದ ಪಕ್ಕದಲ್ಲಿತ್ತು. ಎಂಜಿನ್ ಕೂಗುವಾಗ ನಾವೆಲ್ಲ ಕೂಸಿನಂತೆ ಮಲಗುತ್ತಿದ್ದೆವು. ಅದು ನಿಂತಿತೋ, ಅರವತ್ತು ಮಂದಿ ಒಟ್ಟಿಗೆ ಎದ್ದು ಕೂರುತ್ತಿದ್ದೆವು, ಏನು ಕೆಟ್ಟಿತು ಎಂದು. ಒಮ್ಮೆ ಒಬ್ಬ ಸಾರ್ಜೆಂಟನನ್ನು ಹೊತ್ತು ವಾಲಿಬಾಲ್ ಮೈದಾನದ ನಟ್ಟನಡುವೆ ಇಟ್ಟು ಆಟ ಶುರುಮಾಡಿದ್ದೆವು. ಎರಡನೇ ಸೆಟ್ಟಿನಲ್ಲಿ ಎದ್ದ ಅವನು ಮೊದಲು ಕೇಳಿದ್ದು ಸ್ಕೋರು ಎಷ್ಟು ಅಂತ. ಅದು ನಾನೂರು ಮೀಟರು. ನಮ್ಮ ದಾಖಲೆ.

ನಿವೃತ್ತಿಯಾದ ಮೇಲೂ ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹೋದ ಕಬ್ಬಿನ ಹಂಗಾಮಿನಲ್ಲಿ ಕಿತ್ತೂರಿನವನ ಪಾಳಿ ಬಂತು. ಅವನ ಮನೆ ಊರ ಅಂಚಿನಲ್ಲಿ, ರಸ್ತೆಗೆ ಹತ್ತಿಕೊಂಡೇ ಇದೆ. ಅದೇ ದಿನ ಸಂಜೆ ನಾಲ್ಕಕ್ಕೆ ಅವನ ಮಗಳನ್ನು ನೋಡಲು ಬೆಳಗಾವಿ ಕಡೆಯಿಂದ ಬೀಗರಾಗುವವರು ಬರುವವರಿದ್ದರು. ಹುಡುಗಿ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ಹುಡುಗ ಸಾಲಿ ಮಾಸ್ತರ. ಅವರಿಬ್ಬರೂ ಮೊದಲೇ ಒಪ್ಪಿಕೊಂಡಾಗಿತ್ತು. ಒಪ್ಪದವನು ಹುಡುಗನ ಅಜ್ಜ. ಆ ಮನೆಯಲ್ಲಿ ಅಜ್ಜನ ಮಾತು ದಾಟುವವರಿಲ್ಲ. ಮಿಲ್ಟ್ರಿ ಮನೆಯೆಂದರೆ ಕುಡುಕರ ಮನೆ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

"ಮೊದಲ ನಾ ಅವರಪ್ಪನ್ನ ನೋಡತೇನಿ," ಎಂದು ಹೇಳಿ ಕಳಿಸಿದ್ದನಂತೆ. "ಕುಡ್ಯಾಂವ ಇದ್ರ ಬಾಗಿಲದಾಗಿಂದನ ಹೊಳ್ಳತೇನಿ."

ಹುಡುಗಿ ಅಪ್ಪನಿಗೆ ನಮ್ಮೆದುರೇ ಹೇಳಿದಳು: "ಅಪ್ಪಾ, ಇವತ್ತೊಂದಿನ ಮನಷ್ಯಾರಂಗ ಇರು. ಕಾಕಾ, ನಿಮಗೂ ಕೈ ಮುಗಿತೇನ್ರಿ."

"ನಾವೇನ್ ಮಾಡತೇವವಾ?" ಅಂದೆ ನಾನು. ಆ ಕ್ಷಣದಲ್ಲಿ ಅದು ನಿಜವಾಗಿತ್ತು.

ಅಂದು ಕುಡಿತದ ಮಾತೇ ಇರಲಿಲ್ಲ. ರೊಟ್ಟಿ, ಪುಂಡಿ ಪಲ್ಯ, ಬಳ್ಳೊಳ್ಳಿ ಖಾರ, ಮೇಲೆ ಗಟ್ಟಿ ಮೊಸರು. ಕಿತ್ತೂರಿನವನು ಬಿಳಿ ಧೋತರ, ಹೊಸ ಅಂಗಿ ಹಾಕಿಕೊಂಡು ಸಿದ್ಧನಾಗಿ, "ಹತ್ತ ಮಿನಿಟ ಅಡ್ಡಾಗತೇನಿ, ಅಂಗಿ ಮುದ್ದಿ ಆಗಬಾರದು," ಎಂದು ಪಡಸಾಲೆಯ ಹಗ್ಗದ ಹೊರಸಿನ ಮೇಲೆ ಅಂಗಾತ ಮಲಗಿದ. ಫ್ಯಾನು ಗರಗರ ತಿರುಗುತ್ತಿತ್ತು. ಎರಡು ನಿಮಿಷಕ್ಕೆ ಗೊರಕೆ ಶುರುವಾಯಿತು.

ಸವದತ್ತಿಯವನು ನನ್ನನ್ನು ನೋಡಿದ. ನಾನು ರಾಮದುರ್ಗದವನನ್ನು ನೋಡಿದೆ. ಅವನು ಎದ್ದು ಹೊರಸಿನ ಕಾಲು ಹಿಡಿದ.

"ಲೇ, ಇವತ್ತ ಬ್ಯಾಡ್ರಲೇ," ಅಂದ ಸವದತ್ತಿಯವನು, ಇನ್ನೊಂದು ಕಾಲು ಹಿಡಿಯುತ್ತ.

"ಬೇವಿನ ಗಿಡದ ಕೆಳಗ ಇಟ್ಟ ಬರೂಣು. ಗಾಳಿ ಚೊಲೋ ಐತಿ," ಅಂದೆ.

ಮೂವರಿಗೆ ಒಟ್ಟು ವಯಸ್ಸು ಇನ್ನೂರರ ಹತ್ತಿರ. ಮಂಡಿ ಆರು, ನೆಟ್ಟಗಿದ್ದವು ಎರಡು. ಆದರೆ ಕಿತ್ತೂರಿನವನು ಒಣಗಿದ ಕಬ್ಬಿನಂತೆ ಇದ್ದಾನೆ, ತೂಕವಿಲ್ಲ. ಬಾಗಿಲು ದಾಟಿ ಕಟ್ಟೆಯ ಮೇಲೆ ಬಂದೆವು. ಅಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ಫ್ಯಾನು ನಿಂತಿತು. ಹೊರಸಿನ ಮೇಲೆ ಗೊರಕೆಯೂ ನಿಂತು ಕಣ್ಣಿನ ರೆಪ್ಪೆ ಅದುರಿತು.

ಕಟ್ಟೆಗೆ ಹಿಂಬದಿ ಹಚ್ಚಿ ಒಂದು ಟ್ರ್ಯಾಕ್ಟರು ನಿಂತಿತ್ತು. ಪಕ್ಕದ ಮನೆಯವನು ಗೊಬ್ಬರದ ಚೀಲ ಇಳಿಸಿ ಊಟಕ್ಕೆ ಒಳಗೆ ಹೋಗಿದ್ದ. ಅದರ ಸೆಲ್ಫ್ ಕೆಟ್ಟು, ದೂಡದೆ ಚಾಲೂ ಆಗುತ್ತಿರಲಿಲ್ಲವಾದ್ದರಿಂದ ಎಂಜಿನ್ ಬಂದ್ ಮಾಡದೆ ಬಿಟ್ಟಿದ್ದ. ಖಾಲಿ ಟ್ರೇಲರಿನ ತಳ ಕಟ್ಟೆಗೆ ಸರಿಸಮ. ಯೋಚಿಸಲು ಹೊತ್ತಿರಲಿಲ್ಲ. ಸದ್ದಿದ್ದ ಕಡೆಗೆ ಹೊರಸನ್ನು ನೂಕಿದೆವು. ಟ್ರೇಲರಿನೊಳಗೆ ಅದು ತೊಟ್ಟಿಲಿನಂತೆ ಕೂತಿತು. ಎಂಜಿನ್ ಡಬಡಬ ಅನ್ನುತ್ತಿತ್ತು. ಕಿತ್ತೂರಿನವನ ಗೊರಕೆ ಮತ್ತೆ ಹೊರಟಿತು, ಮೊದಲಿಗಿಂತ ಜೋರಾಗಿ.

ಉರುಳಿ ಬೀಳಬಾರದೆಂದು ಹಿಂದಿನ ಹಲಗೆಯನ್ನು ಎತ್ತಿ ಕೊಂಡಿ ಹಾಕಿದೆವು. ಈಗ ಹೊರಗಿನಿಂದ ಹೊರಸು ಕಾಣುತ್ತಿರಲಿಲ್ಲ. ಸುರಕ್ಷತೆಯ ವಿಷಯದಲ್ಲಿ ವಾಯುಪಡೆಯವರು ಎಂದೂ ಉದಾಸೀನ ಮಾಡುವುದಿಲ್ಲ.

ನಂತರ ಹಿತ್ತಲಿಗೆ ಹೋಗಿ, ನಕ್ಕು, ನೀರು ಕುಡಿದು, ಕಿತ್ತೂರಿನವನ ಹೆಂಡತಿ ವೈನಿಯವರ ಕೈಯಿಂದ ಒಂದೊಂದು ಕಪ್ಪು ಚಹಾ ತೆಗೆದುಕೊಂಡು, ನಡೆದದ್ದನ್ನು ಒಬ್ಬರಿಗೊಬ್ಬರು ಮೂರು ಸಲ ಹೇಳಿಕೊಂಡೆವು. ಹೊರಗೆ ಬಂದಾಗ ಕಟ್ಟೆ ಇತ್ತು. ಟ್ರ್ಯಾಕ್ಟರು ಇರಲಿಲ್ಲ.

ಪಕ್ಕದ ಮನೆಯಾಕೆ ಅಕ್ಕಿ ಆರಿಸುತ್ತ ಕೂತಿದ್ದಳು. "ನಮ್ಮನಿಯವರ? ಟ್ರೇಲರಿನ ಹುಕ್ಕ ಸೀಳೈತಂತ್ರಿ, ಎಂ.ಕೆ. ಹುಬ್ಬಳ್ಳಿಗೆ ವೆಲ್ಡಿಂಗ್ ಮಾಡಿಸಾಕ ಹೋದ್ರು. ಅರ್ಧಾ ತಾಸಾತು."

ಹಿಂದೆ ಗೆಜ್ಜೆಯ ಸದ್ದಾಯಿತು. ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಹುಡುಗಿ ನಿಂತಿದ್ದಳು. "ಅಪ್ಪ ಎಲ್ಲಿ?"

ಸವದತ್ತಿಯವನು ಆಕಾಶ ನೋಡಿದ. ನಾನು ಹೇಳಬೇಕಾಯಿತು. ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. "ಕಾರ್ ಕೀಲಿ ಎಲ್ಲೈತ್ರಿ ಕಾಕಾ?" ಅಂದಳು. ನನ್ನ ಹಳೇ ಕಾರನ್ನು ಹೆದ್ದಾರಿಯಲ್ಲಿ ರಾಮದುರ್ಗದವನು ಬೆಂಕಿ ಬಿದ್ದ ಕಡೆ ಹೋಗುವಂತೆ ಓಡಿಸಿದ. ಹಿಂದಿನ ಸೀಟಿನಿಂದ ಅವಳು ಹುಡುಗನಿಗೆ ಫೋನ್ ಮಾಡಿದಳು.

"ನೀವು ಎಲ್ಲಿದ್ರೂ ಅರ್ಧಾ ತಾಸು ತಡಾ ಮಾಡ್ರಿ. ಅಜ್ಜಾರಿಗೆ ಎಲ್ಲೆರ ಚಹಾ ಕುಡಸ್ರಿ. ಯಾಕಂತ ಕೇಳಬ್ಯಾಡ್ರಿ."

ಹುಡುಗ ಒಳ್ಳೆಯವನು. ಯಾಕೆಂದು ಕೇಳಲಿಲ್ಲ. ಎಲ್ಲಿ ಅಂತ ಅವನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಸಾಲು ರಸ್ತೆಯುದ್ದಕ್ಕೂ ನಿಂತಿತ್ತು. ವೆಲ್ಡಿಂಗ್ ಅಂಗಡಿಯ ಮುಂದೆ ನಮ್ಮ ಟ್ರ್ಯಾಕ್ಟರು, ಎಂಜಿನ್ ಇನ್ನೂ ಚಾಲೂ. ಹಿಂದಿನ ಹಲಗೆ ಬಿಚ್ಚಿತ್ತು, ಸುತ್ತ ಇಪ್ಪತ್ತು ಮಂದಿ. ಒಳಗೆ ಬಿಳಿ ಧೋತರದ ಒಬ್ಬ ಮನುಷ್ಯ, ಎದೆಯ ಮೇಲೆ ಕೈ ಜೋಡಿಸಿ, ಅಂಗಾತ, ಕಾಲು ಮುಂದು. ಒಬ್ಬ ಮುದುಕಿ ಕೈ ಮುಗಿದು ಹೋದಳು. ಟ್ರ್ಯಾಕ್ಟರಿನವನು ಬೆವರುತ್ತಿದ್ದ. "ದೇವರಾಣಿ ನನಗ ಗೊತ್ತಿಲ್ರಿ! ನಾ ಗೊಬ್ಬರಾ ಹಾಕ್ಕೊಂಡ ಬಂದಿದ್ದೆ!"

ರಸ್ತೆಯ ಆಚೆ ಚಹಾದ ಅಂಗಡಿ. ಅಲ್ಲಿಂದ ಧೋತರ, ಬಿಳಿ ಟೊಪ್ಪಿಗೆಯ ಒಬ್ಬ ಹಿರಿಯ ಕೋಲೂರಿಕೊಂಡು ದಾಟಿ ಬಂದ. ಹಿಂದೆ ಕಾರಿನಿಂದ ಇಳಿದ ನಾಲ್ಕೈದು ಮಂದಿ. ಅವರಲ್ಲಿ ಕೊನೆಯವನ ಮುಖ ಹುಡುಗಿಯನ್ನು ಕಂಡು ಸುಣ್ಣದಂತಾಯಿತು. ಚಹಾ ಕುಡಿಸಲು ಮಾಸ್ತರ ಆರಿಸಿದ್ದು ಇದೇ ಊರು.

ಅಜ್ಜ ಟ್ರೇಲರಿನ ಬಳಿ ನಿಂತು, ಹೆಣಕ್ಕೆ ಮರ್ಯಾದೆ ಎಂದು ಟೊಪ್ಪಿಗೆ ತೆಗೆದ. ಆಗ ಹೆಣ ಗೊರಕೆ ಹೊಡೆಯಿತು.

"ಜೀವ ಐತಲ್ಲೋ ಇದರಾಗ!" ಅಂದ ಅಜ್ಜ ಟೊಪ್ಪಿಗೆ ಮತ್ತೆ ಹಾಕಿಕೊಳ್ಳುತ್ತ. "ಕುಡದ ಬಿದ್ದಾನ. ಯಾರಂವ?"

ಅಜ್ಜನ ಕಣ್ಣು ವೆಲ್ಡಿಂಗ್ ಅಂಗಡಿಯ ಕಬ್ಬಿಣದ ನಡುವೆ ರೇಷ್ಮೆ ಸೀರೆ ಉಟ್ಟು ನಿಂತಿದ್ದವಳ ಮೇಲೆ ಬಿತ್ತು. ಅಲ್ಲಿಂದ ಮೊಮ್ಮಗನ ಮುಖಕ್ಕೆ ಹೋಯಿತು. ಮತ್ತೆ ಹೊರಸಿಗೆ ಬಂತು.

"ನಿಮ್ಮಪ್ಪನೇನವಾ?"

"ಹೌದ್ರಿ," ಅಂದಳು. ತಲೆ ತಗ್ಗಿಸಲಿಲ್ಲ. ಅಜ್ಜ ಕೋಲು ತಿರುಗಿಸಿದ, ಕಾರಿನ ಕಡೆಗೆ.

ಆಗ ನಾನು ಗುಂಪು ಸರಿಸಿ ಮುಂದೆ ಬಂದೆ. ಎದೆ ಸೆಟೆಸಿ ಅಜ್ಜನ ದಾರಿಗೆ ಅಡ್ಡ ನಿಂತೆ.

"ಹಿರಿಯಾರ, ಅಂವ ಕುಡದಿಲ್ರಿ. ಮಲಗಿದಾಂವನ್ನ ನಾವ ಹೊತ್ತ ಇದರಾಗ ಹಾಕೇವಿ. ತಪ್ಪು ನಮ್ಮದು. ಆಕೀದಲ್ಲ, ಅವನದೂ ಅಲ್ಲ."

"ಹಾಡಾಹಗಲಿ, ಮನಿಯೊಳಗ ಮಲಗಿದಾಂವನ್ನ ಯಾಕ ಹೊತ್ರಿ?"

"ರೂಢಿ ರೀ."

ಅಜ್ಜ ಕೋಲಿನಿಂದ ಟ್ರೇಲರನ್ನು ತೋರಿಸಿದ. "ಕಿತ್ತೂರಿಂದ ಒಂಬತ್ತ ಕಿಲೋಮೀಟರ್ ಟ್ರೇಲರಿನ್ಯಾಗ ಕುಲುಕಿದ್ರೂ ಏಳಲಾರದಾಂವ ಕುಡದಿಲ್ಲ ಅಂತ ನಾ ನಂಬಬೇಕು?"

"ಎಂಜಿನ್ ಬಂದ್ ಮಾಡಸ್ರಿ. ಹತ್ತ ಎಣಿಸೂದ್ರಾಗ ಎದ್ದ ಕುಂಡ್ರತಾನ. ಏಳಲಿಲ್ಲಂದ್ರ ನೀವು ಹೋಗ್ರಿ, ನಾ ತಡಿಯಂಗಿಲ್ಲ."

ಟ್ರ್ಯಾಕ್ಟರಿನವನು ಬಾಯಿ ಹಾಕಿದ. "ಬಂದ್ ಮಾಡಿದ್ರ ಮತ್ತ ದೂಡಾವ್ರ ಯಾರು?"

"ನಾ ದೂಡತೇನಿ," ಅಂದ ಮಾಸ್ತರ. ಆ ದಿನ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಎಂಜಿನ್ ನಿಂತಿತು. ವೆಲ್ಡಿಂಗ್ ಮಾಡುವವನೂ ಕೈ ಬಿಟ್ಟು ನೋಡುತ್ತ ನಿಂತ. ಅಜ್ಜ ಕೋಲಿನಿಂದ ನೆಲ ಕುಟ್ಟಿ ಎಣಿಸತೊಡಗಿದ. ನಾಲ್ಕಕ್ಕೆ ಏನಿಲ್ಲ. ಐದಕ್ಕೆ ಏನಿಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡಳು. ಏಳಕ್ಕೆ ಗೊರಕೆ ನಿಂತಿತು. ಒಂಬತ್ತಕ್ಕೆ ಕಿತ್ತೂರಿನವನು ಎದ್ದು ಕೂತ.

"ಯಾಂವ ಬಂದ್ ಮಾಡಿದಾಂವ?"

ಆಮೇಲೆ ಸುತ್ತ ನೋಡಿದ. ಟ್ರೇಲರು ನೋಡಿದ, ಕಬ್ಬಿನ ಸಾಲು ನೋಡಿದ, ನಮ್ಮನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಎಷ್ಟ ದೂರಾ?"

"ಒಂಬತ್ತ ಕಿಲೋಮೀಟರ್," ಅಂದ ಸವದತ್ತಿಯವನು.

"ಭೇಷ್," ಅಂದ.

ಆಗ ಮಗಳು ಕಂಡಳು, ಅಜ್ಜ ಕಂಡ. ಧೋತರ ಸರಿಮಾಡಿಕೊಂಡು, ಕೈಯಿಂದ ತಲೆಗೂದಲು ತೀಡಿ, ಹೊರಸಿನ ಒಂದು ಬದಿಗೆ ಸರಿದು, "ಬರ್ರಿ ಬರ್ರಿ, ಕುಂಡರ್ರಿ," ಎಂದು ಜಾಗ ತೋರಿಸಿದ.

ಅಜ್ಜ ಮೊಮ್ಮಗನ ಭುಜ ಹಿಡಿದು ಟ್ರೇಲರು ಹತ್ತಿದ. ಹತ್ತಿರ ಹೋಗಿ, "ಬಾಯಿ ತಗೀರಿ," ಅಂದ. ಕಿತ್ತೂರಿನವನು ಬಾಯಿ ತೆಗೆದ. ಅಜ್ಜ ಬಗ್ಗಿ ಮೂಸಿ, ಗುಂಪಿನ ಕಡೆ ತಿರುಗಿ, "ಬಳ್ಳೊಳ್ಳಿ," ಎಂದು ಸಾರಿದ. ನಂತರ ಹೊರಸಿನ ಮೇಲೆ ಕೂತು, ಕೋಲನ್ನು ಮಂಡಿಯ ನಡುವೆ ಇಟ್ಟುಕೊಂಡ.

"ಮಗಳನ್ನ ನೋಡಾಕ ಬರತಾರಂದ್ರ ನಾನಾಗಿದ್ರ ಮೂರ ದಿನಾ ನಿದ್ದಿ ಇರತಿದ್ದಿಲ್ಲ. ನೀವು ಹಿಂಗ ಮಲಗೇರಿ ಅಂದ್ರ ನಿಮ್ಮ ಮನ್ಯಾಗ ಮುಚ್ಚಿಡುವಂಥಾದ್ದು ಏನೂ ಇಲ್ಲ." ಹುಡುಗಿಯ ಕಡೆ ನೋಡಿದ. "ಹುಡುಗಿನ್ನೂ ನೋಡಿದಂಗಾತು. ಚಹಾನೂ ಆತು. ಇನ್ನ ಮನಿಗಿ ಹೋಗಿ ಅವಲಕ್ಕಿ ತಿನ್ನೂದೊಂದ ಉಳೀತು."

ವೆಲ್ಡಿಂಗ್ ಮುಗಿಯುವತನಕ ಕಾದು, ಆಮೇಲೆ ಎಲ್ಲರೂ ಸೇರಿ ಟ್ರ್ಯಾಕ್ಟರು ದೂಡಿದೆವು. ಮಾಸ್ತರನ ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಗಿಯೂ ದೂಡಿದಳು. ಅಜ್ಜ ಇಳಿಯಲು ಒಪ್ಪಲಿಲ್ಲ. ಕಿತ್ತೂರಿನವರೆಗೂ ಅವರಿಬ್ಬರು ಹೊರಸಿನ ಮೇಲೆಯೇ ಕೂತು ಬಂದರು. ಮದುವೆ ಬೇಸಿಗೆಯಲ್ಲಿ ಆಯಿತು.

ಇದರಲ್ಲಿ ಒಂದು ಮಾತು ಮಾತ್ರ ನಾನು ಕಟ್ಟಿದ್ದು. ಗೊರಕೆಯಲ್ಲ, ಒಂಬತ್ತು ಕಿಲೋಮೀಟರಲ್ಲ, ಬಾಯಿ ಮೂಸಿದ್ದೂ ಅಲ್ಲ. ಅಜ್ಜನ ದಾರಿಗೆ ಅಡ್ಡ ನಿಂತವನು ನಾನಲ್ಲ. ರಾಮದುರ್ಗದವನು. ಅಷ್ಟು ವರ್ಷಗಳಲ್ಲಿ ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ನಾನು ಟ್ರೇಲರಿನ ಹಿಂದಿನ ಗಾಲಿಯ ಮರೆಯಲ್ಲಿದ್ದೆ.