ಭಾವ ಹೇಳಿದ ಕೌಬಾಯ್ ಕತೆ

ಪೆನ್ ಡ್ರೈವ್ ಅಕ್ಕನ ಮನೆಯ ಟಿವಿಗೆ ಹಿಡಿಸದೆ ಹೋಗಬಹುದಿತ್ತು. ಹಿಡಿಸಿದರೂ ಕರೆಂಟು ಹೋಗಬಹುದಿತ್ತು. ಕೌಬಾಯ್ ಸಿನಿಮಾದ ಬದಲು, ಅದರ ಜತೆಗೇ ತುಂಬಿಸಿಕೊಂಡಿದ್ದ ಹಳೇ ದೆವ್ವದ ಸಿನಿಮಾ ಶುರುವಾಗಿ ಭಾವನ ಎದೆ ಡವಗುಟ್ಟಬಹುದಿತ್ತು. ಗುಂಡಿನ ಸದ್ದಿಗೆ ಪಕ್ಕದ ಮನೆಯವರು ಓಡಿ ಬರಬಹುದಿತ್ತು. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಇವನ್ನೆಲ್ಲ ಒಂದೊಂದಾಗಿ ಕಲ್ಪಿಸಿಕೊಂಡೆ. ಇನ್ನೇನೂ ಉಳಿದಿಲ್ಲ ಅನ್ನಿಸಿದಾಗ ಬಸ್ಸಿನ ಟೈರಿನ ಬಗ್ಗೆ ಯೋಚಿಸಿದೆ.

ಭಾವನ ಎದೆಗೆ ಸ್ಟೆಂಟ್ ಹಾಕಿ ಮನೆಗೆ ಕಳಿಸಿದ್ದರು. ಉದ್ವೇಗ ಮಾಡಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಆತ, ಮಾತೇ ಆಡಬೇಡಿ ಎಂದು ತಿಳಿದುಕೊಂಡಂತಿತ್ತು. ಹೂಂ, ಉಹೂಂ, ಅಷ್ಟೇ. ಅಕ್ಕ ಫೋನಿನಲ್ಲಿ ಗೋಳಾಡಿದ್ದಳು: "ಗೋಡೆ ಜತೆ ಸಂಸಾರ ಮಾಡ್ದಂಗಾಗೈತೆ ಕಣೋ. ಬೈಯೋಕಾದ್ರೂ ಬಾಯಿ ಬಿಡ್ಲಿ ಅಂತ ಸಾರಿಗೆ ಎರಡರಷ್ಟು ಹುಣಸೆಹಣ್ಣು ಕಿವುಚ್ದೆ. ಸುಮ್ನೆ ಉಂಡೆದ್ರು."

ಭಾವ ಸುಮ್ಮನಿರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಆತ ನಮ್ಮ ಸೋದರತ್ತೆಯ ಮಗ. ಅಕ್ಕನನ್ನು ಮದುವೆಯಾಗುವ ಮುಂಚೆಯೇ ನನಗೆ ಭಾವ. ನಾವು ಚಿಕ್ಕವರಿದ್ದಾಗ ಆವನಿಯ ಹತ್ತಿರದ ನಮ್ಮೂರಿಗೆ ಟೆಂಟ್ ಸಿನಿಮಾ ಬರುತ್ತಿತ್ತು. ಬೇರೆ ರೀಲು ಸಿಗದ ದಿನ ಟೆಂಟಿನವರು ಹಳೇ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಇಂಗ್ಲಿಷ್ ಯಾರಿಗೂ ಬರದು. ಮರಳಿನ ಮೇಲೆ ಕೂತ ಜನಕ್ಕೆ ಕತೆ ಹೇಳುವ ಕೆಲಸ ಭಾವನದು. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎದ್ದು ನಿಂತು ಕೂಗುತ್ತಿದ್ದ. ಆತನ ಪ್ರಕಾರ ಕುದುರೆ ಮೇಲೆ ಬಂದವರೆಲ್ಲ ಚಿಕ್ಕಂದಿನಲ್ಲಿ ಅಗಲಿದ ಅಣ್ಣತಮ್ಮಂದಿರು. ದೆವ್ವಗಳೆಲ್ಲ ಅತ್ತೆಯ ಕಾಟಕ್ಕೆ ಬಾವಿಗೆ ಬಿದ್ದ ಸೊಸೆಯರು. ಆ ಸಿನಿಮಾಗಳ ಬಂಡೆಗಳೂ ಆವನಿ ಬೆಟ್ಟದ ಬಂಡೆಗಳ ಹಾಗೇ ಇದ್ದುದರಿಂದ, ಅವನ್ನೆಲ್ಲ ನಮ್ಮೂರ ಹಿಂದೆಯೇ ತೆಗೆದಿದ್ದಾರೆಂದು ನಾನು ಬಹಳ ಕಾಲ ನಂಬಿದ್ದೆ.

ಈಗಲೂ ನನಗೆ ಹಳೇ ದೆವ್ವ, ಹಳೇ ಕೌಬಾಯ್ ಸಿನಿಮಾಗಳೇ ಇಷ್ಟ. ನನ್ನಂಥ ಪುಕ್ಕಲರಿಗೆ ಅವು ಬಹಳ ಮರ್ಯಾದಸ್ಥ ಸಿನಿಮಾಗಳು. ದೆವ್ವ ಹಾಗೆಲ್ಲ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ನಾಯಿ ಊಳಿಡುತ್ತದೆ, ಬಾಗಿಲು ಕಿರ್‍ರೆನ್ನುತ್ತದೆ, ದೀಪ ಆರುತ್ತದೆ. ಗುಂಡು ಹಾರುವ ಮುಂಚೆ ಸಂಗೀತ ಇಷ್ಟಿಷ್ಟೇ ಏರುತ್ತದೆ; ಕಣ್ಣು ಮುಚ್ಚಿಕೊಳ್ಳಲು ಬೇಕಾದಷ್ಟು ಸಮಯ. ಭಾವನಿಗೆ ಎದೆನೋವು ಬಂದಾಗ ಯಾವ ಸಂಗೀತವೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿತ್ತು, ಅಷ್ಟೇ.

ಆ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಕಿಟಕಿಗೆ ದುಪ್ಪಟಿ ಕಟ್ಟಿ ಕತ್ತಲೆ ಮಾಡಿದೆ. ಪೆನ್ ಡ್ರೈವ್ ಹಿಡಿಸಿತು. ಕರೆಂಟು ಇತ್ತು. ಭಾವನ ಬಾಯಿ ಬಿಡಿಸಲೆಂದು ತಂದಿದ್ದ, ಹಿಂದೆ ಟೆಂಟಿನಲ್ಲಿ ನೋಡಿದ್ದ ಕೌಬಾಯ್ ಸಿನಿಮಾವೇ ಶುರುವಾಯಿತು. ಇಂಗ್ಲಿಷಿನಿಂದ ಭಾವನ ತಲೆಗೆ ಶ್ರಮವಾದೀತೆಂದು ಹೆದರಿ, ಹುಡುಕಿ ಹುಡುಕಿ ತೆಲುಗಿಗೆ ಡಬ್ ಆದದ್ದನ್ನೇ ತಂದಿದ್ದೆ. ಕೌಬಾಯ್ ಕುದುರೆಯಿಂದಿಳಿದು ಸ್ವಚ್ಛ ತೆಲುಗಿನಲ್ಲಿ ನೀರು ಕೇಳಿದ. ಭಾವ ಮುಂದಕ್ಕೆ ಬಾಗಿದ, ಬಾಯಿ ತೆರೆದ. ಅಷ್ಟರಲ್ಲಿ ಕೌಬಾಯ್ ತಾನು ಯಾರು, ಎಲ್ಲಿಂದ ಬಂದೆ, ಯಾರನ್ನು ಕೊಲ್ಲಲಿದ್ದೇನೆ, ಎಲ್ಲವನ್ನೂ ತಾನೇ ಒದರಿಬಿಟ್ಟ. ಭಾವ ಬಾಯಿ ಮುಚ್ಚಿ ಹಿಂದಕ್ಕೊರಗಿದ.

"ಚೆನ್ನಾಗಿಲ್ವಾ ಭಾವ?"

"ಎಲ್ಲಾ ಅವ್ರೇ ಹೇಳ್ಕೊಂತಾವ್ರಲ್ಲ."

ಎಷ್ಟೋ ದಿನದ ಮೇಲೆ ಆಡಿದ ಪೂರ್ತಿ ವಾಕ್ಯ ಅದು. ನಾನು ಹೆದರಿದ್ದು ಯಾವುದೂ ನಡೆದಿರಲಿಲ್ಲ, ಎಡವಟ್ಟಾದದ್ದು ನಾನು ಜೋಪಾನವಾಗಿ ಹುಡುಕಿ ತಂದ ತೆಲುಗಿನಿಂದ. ರಿಮೋಟನ್ನು ಬೆನ್ನ ಹಿಂದೆ ಹಿಡಿದು ಸದ್ದು ನಿಲ್ಲಿಸಿದೆ.

"ಏನ್ಲಾ, ಸೌಂಡ್ ಹೋಯ್ತಾ?"

"ಹೋಯ್ತು ಭಾವ. ಇನ್ನೇನು, ಆಫ್ ಮಾಡ್ಲಾ?"

ತೆರೆಯ ಮೇಲೆ ಇನ್ನೊಬ್ಬ ಕುದುರೆ ಕಟ್ಟಿ ಒಳಗೆ ಬಂದ. ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಆಗ ಭಾವ ಗಂಟಲು ಸರಿ ಮಾಡಿಕೊಂಡ.

"ಆಫ್ ಯಾಕ್ಲಾ ಮಾಡ್ತೀಯ, ದಡ್ಡ. ಒರೇಯ್, ಬಂದವ್ನೆ ನೋಡು, ಅವ್ನು ಇವ್ನ ತಮ್ಮ! ಮುಳಬಾಗಿಲು ಸಂತೇಲಿ ತಪ್ಪಿಸ್ಕೊಂಡಿದ್ದ. ಇವ್ನಿಗೆ ಗೊತ್ತಿಲ್ಲ, ಪಾಪ!"

ಅಡುಗೆಮನೆಯಿಂದ ಅಕ್ಕ ಬಾಗಿಲಿಗೆ ಬಂದಳು. "ಟೆಂಟಲ್ಲಿ ಅವ್ನೇ ಅಣ್ಣ ಅಂದಿದ್ರಿ!"

"ಸುಮ್ನಿರೇ! ಹೆಂಗಸರ ಕಡೆ ಕೂತು ಕಳ್ಳೇಕಾಯಿ ಬಿಡಿಸ್ತಿದ್ದೋಳು, ನಿಂಗೇನ್ ಕಾಣಿಸ್ತಿತ್ತು?"

ಬೈಗುಳ ತಿಂದ ಅಕ್ಕನ ಮುಖ ನೋಡಬೇಕಿತ್ತು. ಸೆರಗಿನಲ್ಲಿ ಕೈ ಒರೆಸುತ್ತಾ ಅಲ್ಲೇ ಬಾಗಿಲಿಗೊರಗಿ ನಿಂತಳು. ಭಾವ ಈಗ ಸೋಫಾದ ತುದಿಗೆ ಬಂದು, ಎರಡೂ ಕೈ ಬೀಸಿ, ಸಂತೆಯಲ್ಲಿ ಮಗನನ್ನು ಹುಡುಕುತ್ತಿದ್ದ ತಾಯಿಯನ್ನು ಎಳೆದು ತಂದ. ಆ ಸಿನಿಮಾದಲ್ಲಿ ತಾಯಿಯೇ ಇರಲಿಲ್ಲ. ಈ ಉದ್ವೇಗಕ್ಕೆ ಡಾಕ್ಟರು ಏನನ್ನುತ್ತಾರೋ ಎಂದು ನಾನು ಆಗಲೇ ಹೊಸದಾಗಿ ಹೆದರತೊಡಗಿದ್ದೆ.

ಅಷ್ಟರಲ್ಲಿ ಸೀದ ವಾಸನೆ ಬಂತು. ಕಾಫಿಗೆಂದು ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ, ಕಟ್ಟೆಯಿಂದ ನೆಲಕ್ಕೆ ಸುರಿಯುತ್ತಿತ್ತು.

"ಅಕ್ಕಾ, ಹಾಲು!" ಅಂದೆ.

ಅಕ್ಕ ತಿರುಗಿ ನೋಡಲಿಲ್ಲ. "ಇರೋ," ಅಂದಳು, "ಆ ತಾಯಿಗೆ ಮಗ ಸಿಗ್ಲಿ."