ಬೆಳವಣಕಿಯ ಸೇನಾಪತಿಗೆ ಗಟ್ಟಿ ಕವಚ

ಬೆಳವಣಕಿಯ ಮೈಲಾರಪ್ಪ ವರ್ಷವಿಡೀ ಒಕ್ಕಲಿಗ, ಒಂದೇ ಒಂದು ಸಂಜೆ ಸೇನಾಪತಿ. ಕಡಲೆ ಒಕ್ಕಿ ಮನೆಗೆ ತಂದ ಮೇಲೆ ಊರ ನಾಟಕ ಸಂಘದವರು ಒಂದು ಆಟ ಆಡುತ್ತಾರೆ. ಮೀಸೆ ಚಿಗುರಿದಾಗಿನಿಂದ ಅವನದು ಅದರಲ್ಲಿ ದುಷ್ಟ ಸೇನಾಪತಿಯ ಪಾತ್ರ. ನಾಟಕ ಬದಲಾದರೂ ಅವನ ಕೆಲಸ ಬದಲಾಗುವುದಿಲ್ಲ: ಗರ್ಜಿಸಬೇಕು, ಎದೆ ತಟ್ಟಿಕೊಳ್ಳಬೇಕು, ಕಡೆಗೆ ರಾಜನ ಕತ್ತಿಗೆ ಸಾಯಬೇಕು. ಸಾಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಮ್ಮೆ ಬಿದ್ದು, ಮೊಣಕೈ ಊರಿ ಎದ್ದು, ನಾಲ್ಕು ಮಾತು ಆಡಿ ಮತ್ತೆ ಬೀಳುವ ಆ ಸಾವನ್ನು ನೋಡಲು ಅಸೂಟಿಯಿಂದ ಟ್ರ್ಯಾಕ್ಟರ್ ಹತ್ತಿ ಜನ ಬರುತ್ತಾರೆ.

ಹೋದ ವರ್ಷ ಮಾತ್ರ ಮಾನ ಹೋಯಿತು. ಅವನ ಕವಚ ಟಿ.ವಿ. ಬಂದಿದ್ದ ರಟ್ಟಿನ ಪೆಟ್ಟಿಗೆಯದು. ಮೇಲೆ ಬಂಗಾರದ ಬಣ್ಣದ ಕಾಗದ. ದೀಪದ ಕಾವಿಗೆ, ಬೆವರಿಗೆ ರಟ್ಟು ನೆನೆದ ಹಪ್ಪಳದಂತಾಗಿತ್ತು. "ಈ ವಜ್ರದ ಎದೆಯನ್ನು ಭೇದಿಸುವವರಾರು?" ಎಂದು ತಟ್ಟಿಕೊಂಡದ್ದೇ ತಡ, ಅಂಗೈ ಕವಚದೊಳಗೆ ಹೊಕ್ಕಿತು. ಹರಿದ ರಟ್ಟು ಮಗುಚಿ ಜೋತಾಡಿತು. ಅದರ ಮೇಲೆ ಒಡೆಯುವ ಸಾಮಾನು ಎಂದು ತೋರಿಸುವ ಗಾಜಿನ ಲೋಟದ ಚಿತ್ರ ಎಲ್ಲರಿಗೂ ಕಾಣಿಸಿತು. ಅಂದು ಅವನು ಸಾಯುವ ಮೊದಲೇ ಜನ ನಕ್ಕು ನಕ್ಕು ಸತ್ತರು.

ಈ ವರ್ಷ ಮೈಲಾರಪ್ಪ ಹಟ ಹಿಡಿದ. ರಟ್ಟಿಗೆ ಗಾಜಿನ ಎಳೆಯ ಬಟ್ಟೆ ಹೊದಿಸಿ, ರೆಸಿನ್ ಎಂಬ ಅಂಟು ಬಳಿದರೆ ಕಲ್ಲಿನಂತಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದ್ದರು. ವಿಡಿಯೋವನ್ನು ಅರ್ಧ ನೋಡಿ, ಗಜೇಂದ್ರಗಡಕ್ಕೆ ಹೋಗಿ ಸಾಮಾನು ತಂದ. ಹೆಂಡತಿ ಕರೆವ್ವ ತವರಿಗೆ ಹೋದ ದಿನ ನೋಡಿ ಪಡಸಾಲೆಯ ಬಾಗಿಲು ಹಾಕಿಕೊಂಡು ಕೂತ. ಗಟ್ಟಿಯಾಗಲು ಬೆರೆಸುವ ಹಾರ್ಡನರನ್ನು ಹೆಚ್ಚು ಹಾಕಿದಷ್ಟೂ ಕವಚ ಹೆಚ್ಚು ಗಟ್ಟಿ ಎಂಬುದು ಅವನ ಲೆಕ್ಕ. ಧಾರಾಳವಾಗಿ ಸುರಿದ. ಥರ್ಮಾಕೋಲಿನಲ್ಲಿ ಕೊರೆದಿದ್ದ ಶಿರಸ್ತ್ರಾಣಕ್ಕೆ ಮೊದಲು ಬಳಿದ. ಅದು ಬಿಸಿನೀರಿಗೆ ಬಿದ್ದ ಬೆಲ್ಲದಂತೆ ಕರಗಿ ಕುಸಿಯಿತು. ಅದನ್ನು ಬಾಯಿ ಬಿಟ್ಟು ನೋಡುತ್ತಿರುವಾಗಲೇ, ಪಕ್ಕದ ಮಗ್ಗಿನಲ್ಲಿ ಉಳಿದ ರೆಸಿನ್ ಕುದಿಬಂದು ಹೊಗೆಯಾಡತೊಡಗಿತು.

ಊಟದ ಬುತ್ತಿ ಮರೆತು ಅರ್ಧ ದಾರಿಯಿಂದ ಮರಳಿದ ಕರೆವ್ವ ಬಾಗಿಲು ದೂಡಿದಾಗ ಗಂಡ ತಲೆ ಹಿಡಿದುಕೊಂಡು ಕೆಮ್ಮುತ್ತಿದ್ದ.

"ಮನಿ ಸುಡಾಕ ಹತ್ತೀರೇನ್ರಿ? ಮೊದಲ ಹೊರಗ ಬರ್ರಿ!"

ಅವನನ್ನು ಅಂಗಳಕ್ಕೆ ಎಳೆದು, ಒಲೆಯ ಇಕ್ಕಳದಿಂದ ಮಗ್ಗನ್ನೂ ಹಿಡಿದು ತಂದು ಬಯಲಲ್ಲಿಟ್ಟಳು. ಅದು ಅವಳ ಸ್ನಾನದ ಮಗ್ಗು ಎಂಬುದು ಆಮೇಲೆ ತಿಳಿದು ಇನ್ನೊಂದು ಸುತ್ತು ಬೈಗುಳವಾಯಿತು. ಬರಿಗೈಯಲ್ಲಿ ಗಾಜಿನ ಬಟ್ಟೆ ಕತ್ತರಿಸಿದ್ದರಿಂದ ಮೈಲಾರಪ್ಪನಿಗೆ ಮೊಣಕೈವರೆಗೂ ತುರಿಕೆ. ಕೆರೆದಷ್ಟೂ ಎಳೆಗಳು ಒಳಗೆ ಹೊಕ್ಕವು. ಎಮ್ಮೆಯಂತೆ ಕಂಬಕ್ಕೆ ತೋಳು ಉಜ್ಜುತ್ತಾ ನಿಂತ ಸೇನಾಪತಿಯನ್ನು ನೋಡಿ ಕರೆವ್ವನಿಗೆ ಸಿಟ್ಟು ಇಳಿದು ನಗು ಬಂತು.

"ಖರೇನ ಅಷ್ಟು ಆಸೆ ಐತೇನು ನಿಮಗ?"

"ಒಂದ ವರ್ಷರ ನೆಟ್ಟಗ ಸಾಯಬೇಕಲಾ," ಎಂದ ಮೈಲಾರಪ್ಪ, ಮುಖ ಸಣ್ಣದು ಮಾಡಿ.

ಮರುದಿನ ಅವಳೇ ಅವನನ್ನು ಬಸ್ ಹತ್ತಿಸಿ ರೋಣಕ್ಕೆ ಕರೆದೊಯ್ದಳು. ಅಲ್ಲಿ ಅಲ್ತಾಫ ಎಂಬ ಹುಡುಗ ನೀರಿನ ಟ್ಯಾಂಕಿನ ಸೀಳು, ಗಾಡಿಗಳ ಒಡೆದ ಮಡ್‌ಗಾರ್ಡು ಎಲ್ಲವನ್ನೂ ಇದೇ ಸಾಮಾನಿನಿಂದ ಬೆಸೆಯುತ್ತಿದ್ದ. ಕಥೆ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ.

"ಕಾಕಾರ, ನಾನೂ ಮೊದಲ ಸಲ ಒಂದು ಬಕೀಟು ಸುಟ್ಟೀನಿ. ಥರ್ಮಾಕೋಲ್ ಇದು ತಿಂದ ಹಾಕತೈತಿ, ರಟ್ಟಿನ ಮ್ಯಾಲ ಹಚ್ರಿ. ಡಬ್ಬಿ ಮ್ಯಾಲ ಬರದಷ್ಟ ಹಾರ್ಡನರ್ ಹಾಕ್ರಿ, ಒಂದು ಹನಿ ಜಾಸ್ತಿ ಬ್ಯಾಡ. ಒಮ್ಮೆಗೆ ಸ್ವಲ್ಪ ಸ್ವಲ್ಪ ಕಲಸ್ರಿ."

"ಮೂಗಿಗೆ ವಸ್ತ್ರ ಕಟ್ಟಿಕೊಂಡರ ನಡೀತೈತೇನಪಾ?" ಎಂದು ಕರೆವ್ವ ಕೇಳಿದಳು.

"ವಸ್ತ್ರಕ್ಕ ಈ ವಾಸನಿ ನಿಲ್ಲಂಗಿಲ್ಲ ಕಾಕಿ. ವಾಸನಿ ಹೀರೋ ಈ ಡಬ್ಬಿ ಇರೋ ಮಾಸ್ಕ್ ಬೇಕು. ಕೈಗೆ ಗ್ಲೌಸು, ಕಣ್ಣಿಗೆ ಚಷ್ಮಾ, ತುಂಬು ತೋಳಿನ ಅಂಗಿ. ಬಯಲಾಗ ಕುಂದ್ರಬೇಕು. ಬೀಡಿ ಸೇದೋರು ಹತ್ತರ ಸುಳೀಬಾರದು. ಒಣಗಿದ ಮ್ಯಾಲ ನೀರು ಹಾಕಿ ಉಜ್ರಿ, ಧೂಳ ಏಳಬಾರದು. ಎಳಿ ಚುಚ್ಚಿದರ ಕೆರಕೋಬ್ಯಾಡ್ರಿ, ತಣ್ಣೀರಾಗ ಸಾಬೂನು ಹಚ್ಚಿ ತೊಳೀರಿ."

ಮುಂದಿನ ರವಿವಾರ ಅಂಗಳದಲ್ಲಿ ಕೆಲಸ ಶುರುವಾಯಿತು. ಅಲ್ತಾಫ ಕೊಟ್ಟ ಮಾಸ್ಕು, ಚಷ್ಮಾ ಹಾಕಿಕೊಂಡ ಮೈಲಾರಪ್ಪನನ್ನು ಕಂಡು ನಾಯಿ ಬೊಗಳಿತು. ಕರೆವ್ವ ಅಂಗಳದ ಬಾಯಿಗೆ ಕೋಲು ಹಿಡಿದು ಕೂತಳು. ತಾಲೀಮಿನ ವಿಷಯ ಮಾತಾಡಲು ಬೀಡಿ ಕಚ್ಚಿಕೊಂಡು ಬಂದ ಪ್ರಭುಲಿಂಗಪ್ಪ ಸಾವಕಾರರಿಗೂ ವಿನಾಯಿತಿ ಸಿಗಲಿಲ್ಲ. ಅವರೇ ನಾಟಕದ ರಾಜ.

"ಅಲ್ಲೇ ನಿಂದರ್ರಿ ಸಾವಕಾರ್ರ! ಬೀಡಿ ಆರಿಸಿ ಬರ್ರಿ."

"ನಾ ರಾಜಾ ಅದೀನಿ ಕರೆವ್ವಾ!"

"ರಾಜಾ ಇದ್ರೂ ಬೆಂಕಿ ಬೆಂಕೀನರಿ."

ಸಾವಕಾರರು ಬೀಡಿಯನ್ನು ಮಣ್ಣಿಗೆ ಒತ್ತಿ ಆರಿಸಿ ಒಳಗೆ ಬಂದರು.

ರಟ್ಟಿನ ಕವಚದ ಮೇಲೆ ಗಾಜಿನ ಬಟ್ಟೆ ಹಾಸಿ, ಕುಂಚದಿಂದ ರೆಸಿನ್ ಒತ್ತಿ, ಗುಳ್ಳೆ ಏಳದಂತೆ ಸವರುತ್ತಾ ಮೈಲಾರಪ್ಪ ಲೋಕ ಮರೆತ. ವಾರದ ಬಿಸಿಲಿಗೆ ವಾಸನೆಯೂ ಹೋಯಿತು. ಚೂಪಾದ ಅಂಚುಗಳನ್ನು ನೀರು ಹಾಕಿ ಉಜ್ಜಿ ನುಣುಪು ಮಾಡಿದ. ಮೈಗೆ ತಾಗದಂತೆ ಕರೆವ್ವ ಒಳಗೆ ಹಳೆಯ ಕೌದಿಯ ತುಂಡು ಹಚ್ಚಿದಳು. ಬಂಗಾರದ ಬಣ್ಣ ಬಳಿದು ಎದೆ ತಟ್ಟಿದರೆ ಹಲಗೆ ಬಾರಿಸಿದಂತೆ ಸದ್ದು!

ನಾಟಕದ ಸಂಜೆ ಅಲ್ತಾಫನೂ ಬಂದು ಮುಂದಿನ ಸಾಲಿನಲ್ಲಿ ಕೂತ. ಮೈಲಾರಪ್ಪ ಪ್ರತಿ ಮಾತಿಗೊಮ್ಮೆ ಎದೆ ತಟ್ಟಿಕೊಂಡ, ಮಾತೇ ಇಲ್ಲದ ಕಡೆಯೂ ತಟ್ಟಿಕೊಂಡ. ಕಡೆಯ ದೃಶ್ಯ ಬಂತು. ಪ್ರಭುಲಿಂಗಪ್ಪ "ದ್ರೋಹಿ!" ಎಂದು ಕಟ್ಟಿಗೆಯ ಕತ್ತಿಯಿಂದ ಹೊಡೆದರು. ಟಣ್! ಕತ್ತಿ ಎರಡು ತುಂಡಾಗಿ ಒಂದು ತುಂಡು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ತೊಡೆಯ ಮೇಲೆ ಬಿತ್ತು. ರಾಜನ ಕೈಯಲ್ಲಿ ಹಿಡಿಕೆಯಷ್ಟೇ ಉಳಿಯಿತು.

ಮೈಲಾರಪ್ಪ ಬಗ್ಗಿ ತನ್ನ ಎದೆ ನೋಡಿಕೊಂಡ. ಒಂದು ಗೀರೂ ಇಲ್ಲ! ಆನಂದಕ್ಕೆ ಅವನಿಗೆ ಸಾಯುವುದೇ ಮರೆತುಹೋಯಿತು. ಜನರತ್ತ ತಿರುಗಿ ಕವಚ ತೋರಿಸುತ್ತಾ ನಗುತ್ತಾ ನಿಂತ. ಅಲ್ತಾಫ ಎದ್ದು ಸೀಟಿ ಹೊಡೆದ. ರಾಜ ಹಲ್ಲು ಕಡಿಯುತ್ತಾ "ಬೀಳೋ ಮೈಲಾರೀ" ಎಂದು ಪಿಸುಗುಟ್ಟಿದರು. ಅದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು.

ಪರದೆಯ ಮರೆಯಿಂದ ಕರೆವ್ವನ ದನಿ ಬಂತು: "ಲಗೂ ಸಾಯ್ರಿ! ಬುತ್ತಿ ಆರತೈತಿ!"

ಆಗ ಎಚ್ಚೆತ್ತ ಮೈಲಾರಪ್ಪ, "ಅಯ್ಯೋ, ರಾಜನ ಕಣ್ಣಿನ ಕೆಂಡಕ್ಕೇ ಸತ್ತೆ!" ಎಂದು ಹೊಸ ಮಾತು ಕಟ್ಟಿ ದೊಪ್ಪನೆ ಬಿದ್ದ. ಪದ್ಧತಿಯಂತೆ ಮೊಣಕೈ ಊರಿ ಏಳಲು ನೋಡಿದ. ಕವಚ ಬಾಗಲಿಲ್ಲ. ಅಂಗಾತ ಬಿದ್ದ ಆಮೆಯಂತೆ ಕೈಕಾಲು ಆಡಿಸಿ, ಮಲಗಿದಲ್ಲೇ ನಾಲ್ಕು ಮಾತು ಆಡಿ ಕಣ್ಣು ಮುಚ್ಚಿದ. ಪರದೆ ಬಿದ್ದ ಮೇಲೆ ರಾಜ, ಮಂತ್ರಿ, ಅಲ್ತಾಫ ಸೇರಿ ಅವನನ್ನು ಎತ್ತಿ ನಿಲ್ಲಿಸಬೇಕಾಯಿತು. ಹೊರಗೆ ಸೀಟಿ, ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

ಈಗ ಹೊಳೆಆಲೂರಿನ ಸಂಘದವರೂ ಅವನಲ್ಲಿ ಕವಚ ಮಾಡಿಸಿಕೊಳ್ಳುತ್ತಾರೆ. ರವಿವಾರ ಅಂಗಳದಲ್ಲಿ ಮಾಸ್ಕು ಹಾಕಿ ಕೂತ ಮೈಲಾರಪ್ಪ ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆ: "ಸೊಂಟದ ಹತ್ತರ ಎರಡು ತುಂಡು ಮಾಡಿ ಪಟ್ಟಿ ಹಚ್ಚತೀನ್ರಿ. ಸತ್ತವ ಏಳಾಕ ಬರಬೇಕು ನೋಡ್ರಿ."